ಇಳಿಸದ ಬುಟ್ಟಿ

ನಾನು ಚಿತ್ರಲಿಂಗಪ್ಪ ಬಿನ್ ಓಬಳೇಶಪ್ಪ, ವಯಸ್ಸು 34 ವರ್ಷ, ವಿಜ್ಞಾನದ ಉಪಾಧ್ಯಾಯ, ವಾಸ ಆದಿವಾಲ, ಹಿರಿಯೂರು ತಾಲ್ಲೂಕು. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ನಮ್ಮ ಶಾಲೆಯ ಹಿಂದೆ 80 ಗಜ ದೂರದಲ್ಲಿ ಕಾಟಲಿಂಗಪ್ಪನವರ ಹೊಲದಲ್ಲಿ ಬಾವಿ ತೋಡುತ್ತಿದ್ದರು. ಆಳ 40 ಅಡಿ. ಮೇಸ್ತ್ರಿ ದಿಲಾವರ್. ಒಡೆದ ಕಲ್ಲನ್ನು ಕಬ್ಬಿಣದ ಬುಟ್ಟಿಗೆ ತುಂಬಿ, ರಾಟೆಯ ಹಗ್ಗದಿಂದ ನಾಲ್ಕು ಆಳು ಮೇಲೆಳೆಯುತ್ತಿದ್ದರು. ಊಟಕ್ಕೆ ಏಳುವ ಮೊದಲು ಬುಟ್ಟಿಯನ್ನು ನೆಲಕ್ಕಿಳಿಸಲೇಬೇಕೆಂಬುದು ದಿಲಾವರ್ ಅವರ ಕಟ್ಟುನಿಟ್ಟು.

ದಿನಾಂಕ 8-3-1974 ಶುಕ್ರವಾರ ಬೆಳಿಗ್ಗೆ 10-30ಕ್ಕೆ ಎಂಟನೇ ತರಗತಿಗೆ ಪ್ರಚ್ಛನ್ನ ಶಕ್ತಿಯ ಪಾಠ ಮಾಡಿದೆ. ಸೈಕಲ್ ಟ್ಯೂಬಿನ ಪಟ್ಟಿ ಹಿಗ್ಗಿಸಿ ಸೀಮೆಸುಣ್ಣ ಹಾರಿಸಿದೆ. ಹಿಗ್ಗಿದ ರಬ್ಬರಿನಲ್ಲಿ ಶಕ್ತಿ ಇರುವುದು ಮಕ್ಕಳಿಗೆ ಒಪ್ಪಿಗೆಯಾಯಿತು. ಎತ್ತರದಲ್ಲಿಟ್ಟ ಕಲ್ಲಿನಲ್ಲೂ ಎತ್ತಿದವರ ದುಡಿಮೆ ಹಾಗೆಯೇ ಕೂಡಿರುತ್ತದೆ, ತೂಕ ಮತ್ತು ಎತ್ತರ ಹೆಚ್ಚಿದಷ್ಟೂ ಅದು ಹೆಚ್ಚು ಎಂದರೆ ನಂಬಲಿಲ್ಲ. ಶಬನಾ ಎಂಬ ಹುಡುಗಿ, ‘ಅದು ಸುಮ್ನೆ ಕುಂತೈತಲ್ಲ ಸಾರ್’ ಎಂದಳು. ಎಲ್ಲರೂ ನಕ್ಕರು. ನನಗೆ ಹಟ ಬಂತು.

12-15ಕ್ಕೆ ಬಾವಿಯ ಬಳಿ ಹೋಗಿ, ತುಂಬಿದ ಬುಟ್ಟಿಯನ್ನು ಊಟ ಮುಗಿಯುವವರೆಗೆ ಮೇಲೆಯೇ ಬಿಡಬೇಕೆಂದು ದಿಲಾವರ್ ಅವರನ್ನು ಕೇಳಿದೆ. ಭಾರ ತೂಗಬಿಟ್ಟು ಅನ್ನಕ್ಕೆ ಕೂರುವ ಪದ್ಧತಿ ತಮ್ಮಲ್ಲಿಲ್ಲವೆಂದು ಹೇಳಿ, ‘ಬ್ಯಾಡ್ರಿ ಮೇಷ್ಟ್ರೆ’ ಎಂದು ಎರಡು ಸಲ ಅಂದರು. ಮಕ್ಕಳ ವಿದ್ಯೆಯ ವಿಷಯ ಎಂದೆ. ಓದಿದವನ ಮಾತು ಮೀರಲಾರದೆ ಒಪ್ಪಿದರು. ಹಗ್ಗದ ಕುಣಿಕೆಯನ್ನು ಗೂಟಕ್ಕೆ ಹಾಕಿ, ಯಾರೂ ಮುಟ್ಟದಂತೆ ನೋಡಿಕೊಳ್ಳಬೇಕೆಂದು ನನಗೆ ಹೇಳಿ ಊಟಕ್ಕೆ ಹೋದರು. ನಾನು ಮಕ್ಕಳ ಊಟ ಮುಗಿದ ಮೇಲೆ ಅವರನ್ನು ಕರೆತರಲೆಂದು ಶಾಲೆಗೆ ಹೋದೆ.

ಕಲ್ಲು ಒಡೆಯುವ ಬೋರಪ್ಪ ಮನೆಯಲ್ಲಿ ಉಂಡು ಬಂದು, ಕೆಲಸ ಮತ್ತೆ ಶುರುವಾಗುವವರೆಗೆ ಬಾವಿಯ ತಳದ ತಂಪಿನಲ್ಲಿ ಮಲಗುವವನು. ಅಂದೂ ಗೋಡೆಗೆ ಮುಖಮಾಡಿ, ಬುಟ್ಟಿಗೆ ಬೆನ್ನಾಗಿ ಏಣಿ ಇಳಿದು, ಮುಖಕ್ಕೆ ಟವಲ್ ಹಾಕಿಕೊಂಡು ಮಲಗಿದ್ದಾನೆ. ಮೇಲೆ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಆ ಹೊತ್ತಿನಲ್ಲಿ ಮೇಲೆ ಏನೂ ಇರುತ್ತಿರಲಿಲ್ಲ. ನಾನೂ ಕೆಳಗೆ ಬಗ್ಗಿ ನೋಡಲಿಲ್ಲ.

1-10ಕ್ಕೆ 22 ಮಕ್ಕಳನ್ನು ಹತ್ತು ಅಡಿ ದೂರ ನಿಲ್ಲಿಸಿದೆ. ಬುಟ್ಟಿ ತಳದಿಂದ 36 ಅಡಿ ಮೇಲಿತ್ತು. ಹಗ್ಗವೂ ಟ್ಯೂಬಿನಂತೆ ಬಿಗಿದಿದೆಯೆಂದು ತೋರಿಸಲು ಅದನ್ನು ಹಿಡಿದು ಪಕ್ಕಕ್ಕೆ ಎಳೆದುಬಿಟ್ಟೆ. ಕುಣಿಕೆ ಗೂಟದಿಂದ ಜಾರಿತು. ಬುಟ್ಟಿ ತಳ ಸೇರಲು ಎರಡು ಸೆಕೆಂಡೂ ಹಿಡಿಯಲಿಲ್ಲ. ಬೋರಪ್ಪ ಸ್ಥಳದಲ್ಲೇ ತೀರಿಕೊಂಡ.

ಸಂಜೆ 5ಕ್ಕೆ, ಕುಣಿಕೆ ಸರಿಯಾಗಿ ಹಾಕಲಿಲ್ಲವೆಂದು ದಿಲಾವರ್ ಅವರನ್ನು ಠಾಣೆಗೆ ಕರೆತಂದರು. ತರಗತಿ ಶಾಲೆಯೊಳಗೇ ಇತ್ತೆಂದು ಹೇಳಿದರೆ ನನ್ನ ನೌಕರಿ ಉಳಿಯುತ್ತದೆಂದು ಮುಖ್ಯೋಪಾಧ್ಯಾಯ ಮುರುಗಪ್ಪನವರು ಬುದ್ಧಿ ಹೇಳಿದರು. ನಾನು ಅಂದು ಠಾಣೆಗೆ ಬರದೆ ಮನೆಗೆ ಹೋದೆ. ಮಾರನೆಯ ದಿನ ಆಸ್ಪತ್ರೆಯ ಜಗುಲಿಯಲ್ಲಿ, ಶವ ಪಡೆಯಲು ಬಂದಿದ್ದ ಬೋರಪ್ಪನ ಹೆಂಡತಿ ಮಲ್ಲಕ್ಕ, ‘ನೀವು ಓದ್ದೋರು, ಹೇಳ್ರಿ. ಸಾಬ್ರು ಕಟ್ಟಿದ್ದು ಸರಿಯಿರ್ಲಿಲ್ವಂತೆ, ದಿಟವೇನ್ರಿ?’ ಎಂದು ಕೇಳಿದಳು. ನಾನು ತಲೆಯಾಡಿಸಿದೆ. ಹೌದೆಂದು ಆಡಿಸಿದೆ. ಇದನ್ನು ಬರೆಸಲು ನನಗೆ ನಾಚಿಕೆಯಾಗುತ್ತಿದೆ.

ದಿಲಾವರ್ ಅವರದು ತಪ್ಪಿಲ್ಲ. ಅವರನ್ನು ಬಿಡಬೇಕು.

ಹಗ್ಗಕ್ಕೆ ಕೈ ತಾಕಿತು ಎಂದು ಬರೆದುಕೊಳ್ಳಲೇ ಎಂದು ದಫೇದಾರರು ಕೇಳಿದರು. ತಾಕಲಿಲ್ಲ, ಎಳೆದೆ ಎಂದು ಹೇಳಿದ್ದೇನೆ. ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಬರೆದಿದೆ, ಎಲ್ಲವೂ ಸತ್ಯ.

ಸ್ಥಳ: ಹಿರಿಯೂರು
ದಿನಾಂಕ: 11-3-1974
ಸಹಿ: ಚಿತ್ರಲಿಂಗಪ್ಪ