ಮುಚ್ಚಿದ ನಿಲ್ದಾಣದಲ್ಲಿ ಬಸ್ಸು ನಿಂತ ಬಗ್ಗೆ

ಹೇಳಿಕೆ ಕೊಡುತ್ತಿರುವವನು: ಡಿಪೋದಲ್ಲಿ ಎಲ್ಲರೂ ‘ನಿಧಾನಣ್ಣ’ ಎಂದು ಕರೆಯುವವನು, ವಯಸ್ಸು ಐವತ್ತೊಂದು, ಉದ್ಯೋಗ ನಗರ ಸಾರಿಗೆ ಬಸ್ ಚಾಲಕ, ವಾಸ ಡಿಪೋ ಹಿಂಬದಿಯ ಸಿಬ್ಬಂದಿ ವಸತಿಗೃಹದ ಮೊದಲ ಮಹಡಿ.

ಠಾಣೆಗೆ ಖುದ್ದಾಗಿ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನಾನು ಆರು ವರ್ಷಗಳಿಂದ ಡಿಪೋದಿಂದ ದೊಡ್ಡಾಸ್ಪತ್ರೆಗೆ ಹೋಗುವ ಹದಿನೇಳನೇ ನಂಬರಿನ ಬಸ್ಸು ಓಡಿಸುತ್ತಿದ್ದೇನೆ. ದಾರಿಯಲ್ಲಿ ಹಿಟ್ಟಿನ ಗಿರಣಿಯ ಎದುರು ಒಂದು ನಿಲ್ದಾಣವಿದೆ. ಅಲ್ಲಿ ಚರಂಡಿ ಕೆಲಸ ಶುರುವಾದಾಗ ನಿಲ್ದಾಣವನ್ನು ತಾತ್ಕಾಲಿಕವಾಗಿ ದೊಡ್ಡ ವೃತ್ತದ ಆಚೆಗೆ, ಸುಮಾರು ಆರುನೂರು ಮೀಟರ್ ದೂರಕ್ಕೆ ಬದಲಾಯಿಸಿದರು. ಕೆಲಸ ಮುಗಿದು ಎರಡು ತಿಂಗಳಾಯಿತು, ಗುಂಡಿ ಮುಚ್ಚಿ ಡಾಂಬರನ್ನೂ ಹಾಕಿದ್ದಾರೆ. ಮತ್ತೆ ಅಲ್ಲಿ ನಿಲ್ಲಿಸಿ ಎಂಬ ಆದೇಶ ಮಾತ್ರ ಬಂದಿಲ್ಲ.

ನಿಲ್ದಾಣ ಬದಲಾಗಿದೆ ಎಂದು ಯಾರೂ ಅಲ್ಲಿ ಒಂದು ಚೀಟಿಯನ್ನೂ ಅಂಟಿಸಿಲ್ಲ. ಮೇಲಾಗಿ ಆ ತಂಗುದಾಣದಲ್ಲಿ, ಬಸ್ಸು ಎಷ್ಟು ನಿಮಿಷದಲ್ಲಿ ಬರುತ್ತದೆ ಎಂದು ತೋರಿಸುವ ದೀಪದ ಫಲಕವಿದೆ. ನಮ್ಮ ಬಸ್ಸು ಹತ್ತಿರವಾದಂತೆ ಅದು ಐದು, ಮೂರು, ಒಂದು ಎಂದು ತೋರಿಸುತ್ತದೆ. ಜನ ಅದನ್ನು ನಂಬಿ ಚೀಲ ಎತ್ತಿಕೊಂಡು ನಿಲ್ಲುತ್ತಾರೆ. ನಾವು ಮುಂದೆ ಹೋಗಿಬಿಡುತ್ತೇವೆ. ನನ್ನ ಬಸ್ಸಿನ ನಿರ್ವಾಹಕಿ ಇದನ್ನು ಡಿಪೋದಲ್ಲಿ ಹಲವು ಸಲ ಹೇಳಿದರು. ಆದೇಶ ಮೇಲಿನಿಂದ ಬರಬೇಕು ಎಂಬ ಉತ್ತರ ಸಿಕ್ಕಿತು. ಮೇಲಿನಿಂದ ಮಳೆ ಬಿಟ್ಟು ಬೇರೇನೂ ಬಂದದ್ದನ್ನು ತಾನು ಕಾಣೆ ಎಂದು ಆಕೆ ನನಗೆ ಹೇಳಿದ್ದರು.

ನಿನ್ನೆ ಬೆಳಿಗ್ಗೆ 9.40ರ ಸುಮಾರಿಗೆ ನಾನು ಗಿರಣಿಯ ಹತ್ತಿರ ಬರುತ್ತಿದ್ದಾಗ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ತಂಗುದಾಣದಿಂದ ಇಳಿದು ಬಸ್ಸಿಗೆ ಅಡ್ಡ ನಿಂತರು. ನಾನು ಬ್ರೇಕ್ ಒತ್ತಿದೆ. ಬಸ್ಸು ಆಕೆಯಿಂದ ಮೂರು ಅಡಿ ದೂರದಲ್ಲಿ ನಿಂತಿತು. ಆಕೆ ಕದಲಲಿಲ್ಲ, ಕಣ್ಣು ಮಾತ್ರ ಮುಚ್ಚಿಕೊಂಡಿದ್ದರು. ಒಳಗೆ ನಿಂತಿದ್ದ ಒಬ್ಬ ಬಡಗಿಯ ತುಟಿ ಕಂಬಿಗೆ ತಾಗಿ ರಕ್ತ ಬಂತು.

ನಾನು ಕೆಳಗಿಳಿದೆ. ಸಾಯಲು ನನ್ನ ಬಸ್ಸೇ ಬೇಕಿತ್ತಾ ಎಂದು ಗದರಿದೆ. ಆಕೆ ದನಿ ಏರಿಸಲಿಲ್ಲ.

“ಅಣ್ಣಾ, ಮೂರು ದಿನದಿಂದ ಮಾವನ್ನ ಇಲ್ಲಿ ಕೂರಿಸಿಕೊಂಡು ಕಾಯ್ತಿದ್ದೀನಿ. ಬಸ್ಸು ಬರುತ್ತೆ ಅಂತ ಬೋರ್ಡು ಹೇಳುತ್ತೆ. ನೀವೂ ಬರ್ತೀರಿ. ನಾವು ನಿಮ್ಮ ಕಣ್ಣಿಗೆ ಬೀಳಲ್ವಾ?”

ಮೂರು ದಿನವೂ ಅವರು ನನ್ನ ಕಣ್ಣಿಗೆ ಬಿದ್ದಿದ್ದರು.

ಮಾವನವರು ಬೆಂಚಿನ ಮೇಲೆ ಕುಳಿತಿದ್ದರು. ಅವರು ಕ್ಷೌರಿಕರೆಂದೂ, ಲಕ್ವ ಹೊಡೆದು ಬಲಗಡೆ ಸ್ವಾಧೀನ ತಪ್ಪಿದೆಯೆಂದೂ, ಈಗ ಕೈಕಾಲಿನ ವ್ಯಾಯಾಮ ತಪ್ಪಿಸಿದರೆ ಮತ್ತೆ ಕತ್ತರಿ ಹಿಡಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದಾರೆಂದೂ ಸೊಸೆ ತಿಳಿಸಿದರು. ವೃತ್ತದ ಆಚೆ ಬಸ್ಸು ನಿಲ್ಲುತ್ತದೆಂದು ಗಿರಣಿಯವರು ಹೇಳಿದ ಮೇಲೆ ಒಮ್ಮೆ ವಾಕರ್ ಹಿಡಿಸಿ ಕರೆದುಕೊಂಡು ಹೋಗಿದ್ದರಂತೆ. ರಸ್ತೆಯ ಅರ್ಧಕ್ಕೆ ಹೋಗುವಷ್ಟರಲ್ಲಿ ಸಿಗ್ನಲ್ ಬಿದ್ದು, ವಾಹನಗಳ ನಡುವೆ ಸಿಕ್ಕಿಕೊಂಡು, ಹೆದರಿ ವಾಪಸು ಬಂದರಂತೆ.

ಬಸ್ಸಿನ ಹಿಂದೆ ಹಾರ್ನ್ ಜೋರಾಯಿತು. ಆಗ ಮುದುಕರು ಕುಳಿತಲ್ಲಿಂದಲೇ ಸೊಸೆಗೆ ಹೇಳಿದರು:

“ದಾರಿ ಬಿಡು ಮಗಳೇ. ಓಡೋ ಕಾಲಿದ್ದಿದ್ರೆ ನಾನ್ಯಾಕೆ ಆಸ್ಪತ್ರೆಗೆ ಹೋಗ್ತಿದ್ದೆ? ಹೋಗ್ಲಿ, ಮನೆಗೆ ನಡಿ.”

ಆಕೆ ಅತ್ತದ್ದು ಆಗಲೇ.

ಆಕೆಯನ್ನು ಎಲ್ಲರಿಗಿಂತ ಹೆಚ್ಚು ಬೈಯುತ್ತಿದ್ದವರು ಆ ಬಡಗಿ. ಅವರೇ ಕರವಸ್ತ್ರವನ್ನು ತುಟಿಗೆ ಒತ್ತಿಕೊಂಡು ಇಳಿದು ಬಂದು, ಬೈಯುತ್ತಲೇ ಮುದುಕರ ಕಂಕುಳಿಗೆ ಕೈ ಕೊಟ್ಟರು. ಇನ್ನೊಂದು ಕಡೆ ನಾನು ಹಿಡಿದೆ. ಮೆಟ್ಟಿಲು ಹತ್ತಿಸುತ್ತಿದ್ದಾಗ ಹಿಂದಿನ ಬಸ್ಸಿನಿಂದ ನಮ್ಮ ತಪಾಸಣಾಧಿಕಾರಿ ಇಳಿದು ಬಂದು, ಮುಚ್ಚಿದ ನಿಲ್ದಾಣದಲ್ಲಿ ಯಾರನ್ನೂ ಹತ್ತಿಸುವಂತಿಲ್ಲ ಎಂದರು. ಮುದುಕರು ಅರ್ಧ ಹತ್ತಿಯಾಗಿದೆ, ಇನ್ನರ್ಧವನ್ನು ಇಲ್ಲೇ ಬಿಟ್ಟು ಹೋಗಲೇ ಎಂದು ನಿರ್ವಾಹಕಿ ಕೇಳಿದರು. ಅಧಿಕಾರಿ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ನಾನು ಬಸ್ಸು ಹೊರಡಿಸಿದೆ. ಬಡಗಿಗೂ ಅದೇ ಆಸ್ಪತ್ರೆಯಲ್ಲಿ ಎರಡು ಹೊಲಿಗೆ ಹಾಕಿದರು.

ಸಂಜೆ ಆ ಹೆಂಗಸನ್ನು ಠಾಣೆಗೆ ಕರೆಸಿದ್ದಾರೆಂದೂ, ಬಸ್ಸಿಗೆ ಅಡ್ಡಿಪಡಿಸಿದರೆಂದು ನಾನು ದೂರು ಕೊಡಬೇಕೆಂದೂ ಡಿಪೋದಿಂದ ತಿಳಿಸಿದರು. ರಾತ್ರಿ ಯೋಚಿಸಿದೆ. ಓಡುವ ಬಸ್ಸಿಗೆ ಅಡ್ಡ ಬಂದದ್ದು ಆಕೆಯ ತಪ್ಪು, ಅದನ್ನು ಮುಚ್ಚಿಡುವುದಿಲ್ಲ. ಬ್ರೇಕ್ ಹಿಡಿಯದಿದ್ದರೆ ಇವತ್ತಿನ ಹೇಳಿಕೆಯೇ ಬೇರೆಯಾಗಿರುತ್ತಿತ್ತು. ಆದರೆ ಮೂರು ದಿನ ಆಕೆ ನೀಟಾಗಿ ತಂಗುದಾಣದೊಳಗೇ ನಿಂತಿದ್ದರು, ಕೈಯನ್ನೂ ತೋರಿಸಿದ್ದರು. ಆಗ ಯಾರೂ ಆಕೆಯನ್ನು ಕರೆದು ಕೇಳಲಿಲ್ಲ. ಆದ್ದರಿಂದ ಆಕೆಯ ಮೇಲೆ ನನ್ನ ದೂರು ಇಲ್ಲ. ಬಡಗಿಯೂ ತನ್ನದೇನೂ ದೂರಿಲ್ಲ ಎಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದಾರೆ.

ಒಂದೋ ಫಲಕ ನಿಜ ಹೇಳಬೇಕು, ಇಲ್ಲ ಬಸ್ಸು ನಿಲ್ಲಬೇಕು. ಇದನ್ನು ಸಂಬಂಧಪಟ್ಟವರಿಗೆ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂದು ಬೆಳಿಗ್ಗೆಯ ಮೊದಲ ಸುತ್ತಿನಲ್ಲಿ ಗಿರಣಿಯ ಎದುರು ನಾನಾಗಿಯೇ ಬಸ್ಸು ನಿಲ್ಲಿಸಿದೆ. ಕಾಯುತ್ತಿದ್ದವರು ಕೂಡಲೇ ಹತ್ತಲಿಲ್ಲ. ಬಸ್ಸು ಕೆಟ್ಟು ನಿಂತಿದೆಯೆಂದುಕೊಂಡರು. ನಿರ್ವಾಹಕಿ ಕರೆದ ಮೇಲೆ ಹತ್ತಿದರು. ಕೊನೆಯಲ್ಲಿ ಹತ್ತಿದ ಅಜ್ಜಿಯೊಬ್ಬರು, ಇನ್ನು ಮೇಲೆ ದಿನಾ ನಿಲ್ಲುತ್ತದೆಯೇ ಎಂದು ನನ್ನನ್ನು ಕೇಳಿದರು. ನಿಲ್ಲುತ್ತದೆ ಎಂದೆ. ಹಾಗೆ ಹೇಳಲು ನನಗೆ ಯಾರೂ ಅಧಿಕಾರ ಕೊಟ್ಟಿಲ್ಲ. ಅದನ್ನೂ ಬರೆದುಕೊಳ್ಳಿ ಎಂದು ಹೇಳಿ ಬರೆಸಿದ್ದೇನೆ.

ಬರೆದುದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಮಾಡಿದ್ದು ಇದರಲ್ಲಿರುವಂತೆಯೇ ಇದೆ, ಯಾರ ಒತ್ತಾಯವೂ ಇಲ್ಲ.

ಸ್ಥಳ: ಠಾಣೆ
ದಿನಾಂಕ: ಘಟನೆಯ ಮರುದಿನ, ಮಧ್ಯಾಹ್ನ 1.15
ಸಹಿ: (ಚಾಲಕ, ಹದಿನೇಳನೇ ನಂಬರು)