ಏಳು ನಳಿಗೆ, ಒಂದು ಸೂಜಿ

ನಾಳೆ ಆಯುಧಪೂಜೆ. ಇಲ್ಲಿ ಕೂತವರಲ್ಲಿ ದರ್ಜಿಗಳಿದ್ದೀರಿ, ಲಾರಿ ಓಡಿಸುವವರಿದ್ದೀರಿ, ಲೇತು ನಡೆಸುವವರಿದ್ದೀರಿ. ಕತ್ತರಿ, ಸ್ಪ್ಯಾನರು, ಸ್ಟೀರಿಂಗು ಎಲ್ಲ ಒರೆಸಿಟ್ಟೇ ಬಂದಿದ್ದೀರಿ. ನಿಮ್ಮ ಉಗುರಿನ ಎಣ್ಣೆಕಪ್ಪು ಹೇಳುತ್ತಿದೆ. ಒಳ್ಳೆಯದು. ಆದರೆ ಆಯುಧಕ್ಕೆ ಬೊಟ್ಟಿಡುತ್ತೇವೆ, ಅದನ್ನು ಹಿಡಿದ ಕೈಯನ್ನು ಯಾರಾದರೂ ನೋಡುತ್ತೇವೆಯೇ? ಅದಕ್ಕೊಂದು ಕಥೆ ಹೇಳುತ್ತೇನೆ, ಕೇಳಿ.

ಕಾಡಂಚಿನ ಒಂದೂರು. ಬೇಟೆಗೆ ಇನ್ನೂ ತಡೆಯಿಲ್ಲದ ಕಾಲ. ಆ ಊರಿಗೊಬ್ಬ ಸಾಹುಕಾರ. ಹೆಸರು ಬೇಡ. ಹೆಸರು ಹೇಳಿದರೆ ನೀವು ಅವನ ಕಡೆ ನೋಡುತ್ತೀರಿ, ನಿಮ್ಮ ಕಡೆ ನೋಡಿಕೊಳ್ಳುವುದಿಲ್ಲ.

ಈ ಸಾಹುಕಾರ ಪರದೇಶದಿಂದ ಒಂದು ಬೇಟೆ ಪಿಸ್ತೂಲು ತರಿಸಿದ್ದ. ಒಂದೇ ಗುಂಡಿನದು. ನಡು ಮುರಿದಂತೆ ಬಗ್ಗಿಸಬೇಕು, ಒಂದು ತೋಟಾ ಇಡಬೇಕು, ಮುಚ್ಚಬೇಕು, ಹೊಡೆಯಬೇಕು. ಇನ್ನೊಂದು ಗುಂಡು ಬೇಕೆಂದರೆ ಮತ್ತೆ ಮೊದಲಿಂದ. ಅದರ ವಿಶೇಷ ಏನು ಗೊತ್ತೇ? ಕೆಳಗಿನ ಒಂದು ಮೊಳೆ ತಳ್ಳಿದರೆ ಗುಂಡು ಹಾಯುವ ನಳಿಗೆ ಕಳಚಿ ಕೈಗೆ ಬರುತ್ತದೆ. ಆ ಜಾಗಕ್ಕೆ ಬೇರೆ ನಳಿಗೆ ಹಾಕಬಹುದು. ಮೊಲಕ್ಕೆ ಸಣ್ಣದು, ಕಾಡುಕೋಳಿಗೆ ಒಂದು, ಜಿಂಕೆಗೆ ಒಂದು, ಹಂದಿಗೆ ದಪ್ಪದು. ಹೀಗೆ ಏಳು. ತೇಗದ ಪೆಟ್ಟಿಗೆ, ಒಳಗೆ ಕೆಂಪು ಮಖಮಲ್ಲು, ಮಖಮಲ್ಲಿನಲ್ಲಿ ಏಳು ಕುಳಿ.

ಅವನು ನಗುತ್ತಾ ಹೇಳುತ್ತಿದ್ದನಂತೆ: "ಮೊಲ ಕೊಂದ ಪಿಸ್ತೂಲೇ ಬೇರೆ, ಹಂದಿ ಕೊಂದ ಪಿಸ್ತೂಲೇ ಬೇರೆ. ನಳಿಗೆ ಬದಲಾಯಿಸಿದರೆ ನಿನ್ನೆಯ ಪಾಪ ನಿನ್ನೆಗೆ!"

ನೋಡಿ, ನಗುವಾಗ ಬಾಯಿಂದ ಬರುವುದು ಎಷ್ಟೋ ಸಲ ನಿಜವಾದ ನಂಬಿಕೆ.

ಅವನ ಜೊತೆ ಬೇಟೆಗೆ ಒಬ್ಬ ಹೆಜ್ಜೆಗಾರ ಹೋಗುತ್ತಿದ್ದ. ಮಣ್ಣಿನಲ್ಲಿ ಮೂಡಿದ ಹೆಜ್ಜೆ ನೋಡಿ, ಇದು ಹಂದಿ, ಬೆಳಿಗ್ಗೆ ಹೋಗಿದೆ, ಒಂದು ಕಾಲು ಕುಂಟು ಅನ್ನುವವನು. ಹೆಜ್ಜೆಗಾರನ ಕುಲದಲ್ಲಿ ಒಂದು ಕಟ್ಟಳೆ. ಹೊಡೆದ ಖಾಲಿ ತೋಟಾವನ್ನು ಕಾಡಿನಲ್ಲಿ ಬಿಡಬಾರದು. ಬಿಟ್ಟರೆ ಸದ್ದು ಅಲ್ಲೇ ಉಳಿಯುತ್ತದೆ, ಉಳಿದ ಸದ್ದು ಜನರನ್ನು ಕರೆಯುತ್ತದೆ. ಅದಕ್ಕೇ ಗುರಿ ತಾಗಲಿ, ತಪ್ಪಲಿ, ಅವನು ಆ ಹಿತ್ತಾಳೆಯನ್ನು ಹೆಕ್ಕಿ, ಬಾಯಂಚಿಗೆ ತೂತು ಕೊರೆದು, ದಾರಕ್ಕೆ ಪೋಣಿಸುತ್ತಿದ್ದ. ವರ್ಷಕ್ಕೊಮ್ಮೆ, ಆಯುಧಪೂಜೆಗೆ, ಆ ಸರವನ್ನು ಪಿಸ್ತೂಲಿನ ಪಕ್ಕದಲ್ಲಿಟ್ಟು ಕೈ ಮುಗಿಯುವುದು.

ಒಂದು ಮಧ್ಯಾಹ್ನ ಹೆಜ್ಜೆಗಾರ ಹೊಳೆಯಾಚೆ ಹೆಜ್ಜೆ ಹುಡುಕುತ್ತಿದ್ದ. ಈಚೆ ದಡದಲ್ಲಿ ಆಳೆತ್ತರದ ಹುಲ್ಲು ಅಲ್ಲಾಡಿತು. ಸಾಹುಕಾರ ಹಂದಿ ಅಂದುಕೊಂಡ, ಹೊಡೆದ. ಹೋಗಿ ನೋಡಿದರೆ ಹಂದಿಯಲ್ಲ. ಪೊರಕೆಗೆ ಹುಲ್ಲು ಕೊಯ್ಯಲು ಬಂದಿದ್ದ ಒಬ್ಬ ಮನುಷ್ಯ. ಕೈಯಲ್ಲಿ ಕುಡುಗೋಲು ಹಾಗೇ ಇತ್ತು. ಕಣ್ಣು ತೆರೆದೇ ಇತ್ತು. ಉಸಿರಿರಲಿಲ್ಲ.

ಹೆಜ್ಜೆಗಾರ ಹೊಳೆ ದಾಟಿ ಓಡಿ ಬರುವಷ್ಟರಲ್ಲಿ ಸಾಹುಕಾರ ಹುಲ್ಲಿನಿಂದ ಆಚೆ ಬಂದು ನಿಂತಿದ್ದ.

"ಏನಾಯ್ತು ಬುದ್ಧಿ?"

"ತಪ್ಪಿತು ಕಣೋ. ಹಂದಿ ಓಡಿತು. ನಡಿ, ತಲೆ ನೋಯ್ತಿದೆ."

ಮಾತಾಡುತ್ತಲೇ, ಅಭ್ಯಾಸಬಲ ನೋಡಿ, ಪಿಸ್ತೂಲು ಬಗ್ಗಿಸಿದ. ಖಾಲಿ ತೋಟಾ ಕೆಳಗೆ ಬಿತ್ತು. ಹೆಜ್ಜೆಗಾರ, ಅವನದೂ ಅಭ್ಯಾಸವೇ, ಬಗ್ಗಿ ಹೆಕ್ಕಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಸಾಹುಕಾರ ಅದನ್ನು ಕಂಡ. ಕಂಡೂ ಕಾಣಲಿಲ್ಲ. ಅವನ ಕಣ್ಣಿನಲ್ಲಿ ಬೇರೆ ಕಣ್ಣು ತುಂಬಿತ್ತು.

ಮನೆಗೆ ಬಂದವನು ಆ ಹಂದಿಯ ನಳಿಗೆಯನ್ನು, ಏಳನೆಯದನ್ನು, ಕಳಚಿ ಹಿತ್ತಲ ಬಾವಿಗೆ ಹಾಕಿದ. ಎರಡು ದಿನ ಬಿಟ್ಟು ಹೆಣ ಸಿಕ್ಕಿತು. ಪೊಲೀಸರು ಬಂದರು, ಆರೂ ನಳಿಗೆ ಒಯ್ದು ಪರೀಕ್ಷಿಸಿದರು. ಹೆಣದಲ್ಲಿದ್ದ ಗುಂಡಿನ ಮೇಲೆ ನಳಿಗೆ ಎಳೆದ ಗೀರು ಆ ಆರರಲ್ಲಿ ಯಾವುದಕ್ಕೂ ಹೊಂದಲಿಲ್ಲ. ನಳಿಗೆಗಳನ್ನು ಹಿಂದಿರುಗಿಸುತ್ತಾ ಅಧಿಕಾರಿ ಪೆಟ್ಟಿಗೆ ನೋಡಿ ಕೇಳಿದ: "ಈ ಕುಳಿ ಖಾಲಿ ಇದೆಯಲ್ಲ?"

"ಅದು ಮೊದಲಿಂದ ಖಾಲಿಯೇ ಸಾಹೇಬರೇ." ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಮ್ಮ ಹೆಜ್ಜೆಗಾರನ ಹತ್ತಿರ ಒಂದು ಕಳ್ಳಕೋವಿ ಇದೆ ಅಂತ ಕೇಳಿದ್ದೆ."

ಕೇಳಿದಿರಾ? ಮೊದಲ ಗುಂಡು ಗುರಿ ತಪ್ಪಿ ಹಾರಿತ್ತು. ಈ ಎರಡನೆಯದು ಗುರಿಯಿಟ್ಟು ಹಾರಿತು. ಹೆಜ್ಜೆಗಾರನನ್ನು ಸಂತೆಯ ಮಧ್ಯದಿಂದ ಎಳೆದುಕೊಂಡು ಹೋದರು. ಒಡೆಯ ಹೊಡೆದನೇನೋ ಅಂತ ಕೇಳಿದರೆ ಅವನದು ಒಂದೇ ಉತ್ತರ: "ನಾನು ಹೊಳೆಯಾಚೆ ಇದ್ದೆ. ಸದ್ದು ಕೇಳ್ತು. ಕಣ್ಣಲ್ಲಿ ನೋಡ್ನಿಲ್ಲ. ನೋಡದ್ದ ಹೆಂಗೇಳ್ಲಿ?"

ಆಮೇಲೆ ಶುರುವಾಯಿತು. ಪಿಸ್ತೂಲು ಇಟ್ಟುಕೊಂಡವರು ನಳಿಗೆ ಒರೆಸಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡುತ್ತಾರೆ. ಚೊಕ್ಕಟವಾಗಿದ್ದರೆ ತುದಿಯಲ್ಲಿ ಒಂದು ಬಿಳಿ ವೃತ್ತ ಕಾಣುತ್ತದೆ. ಸಾಹುಕಾರ ಮೊಲದ ನಳಿಗೆ ಹಿಡಿದು ನೋಡಿದ. ಬಿಳಿ ವೃತ್ತ. ನೋಡುತ್ತಿದ್ದ ಹಾಗೇ ಅದು ಮುಚ್ಚಿಕೊಂಡಿತು, ಮತ್ತೆ ತೆರೆದುಕೊಂಡಿತು. ನಿಧಾನವಾಗಿ, ರೆಪ್ಪೆ ಬಡಿದ ಹಾಗೆ.

ಹಕ್ಕಿ ಅಡ್ಡ ಬಂದಿರಬೇಕು ಅಂದುಕೊಂಡ. ಜಿಂಕೆಯ ನಳಿಗೆ ತೆಗೆದ. ಅದೂ ರೆಪ್ಪೆ ಬಡಿಯಿತು. ಕಾಡುಕೋಳಿಯದೂ ಬಡಿಯಿತು. ಕಿಟಕಿಗೆ ಹೋಗಿ ಇಣುಕಿದ. ಮಹಡಿ ಮನೆ, ಹೊರಗೆ ಬರೀ ಆಕಾಶ.

ನಳಿಗೆ ಬದಲಾಯಿಸಿದ, ನೋಡುವ ಕಣ್ಣು ಬದಲಾಗಲಿಲ್ಲ! ಪೆಟ್ಟಿಗೆಗೆ ಬೀಗ ಹಾಕಿದ. ಮಾರನೆಯ ದಿನ ತೆರೆದರೆ ಖಾಲಿ ಕುಳಿಯ ಮಖಮಲ್ಲು ಒದ್ದೆ. ಬಟ್ಟೆಯಿಂದ ಒತ್ತಿ ಒರೆಸಿದ. ಅದರ ಮಾರನೆಯ ದಿನವೂ ಒದ್ದೆ. ಮೂಗಿಗೆ ಬಾವಿಯ ನೀರಿನ ವಾಸನೆ.

ಹೀಗೇ ಆಯುಧಪೂಜೆ ಬಂತು. ಬೆಳಿಗ್ಗೆ ಅವನ ಹೆಂಡತಿ ಪೆಟ್ಟಿಗೆ ತೆರೆದು ಬೊಟ್ಟಿಡಲು ಕೂತಳು. ಆರು ಬೊಟ್ಟಾಯಿತು. ಬೆರಳು ಗಾಳಿಯಲ್ಲಿ ನಿಂತಿತು.

"ಏನ್ರೀ, ಹೋದ ವರ್ಷ ಏಳು ಇಟ್ಟಿದ್ದೆ."

"ಆರೇ ಕಣೇ."

"ಲೆಕ್ಕ ನಂಗೆ ಬರಲ್ವಾ? ನಿಮ್ಮನ್ನ ಕಟ್ಟಿಕೊಂಡಾಗಿಂದ ಈ ಕಬ್ಬಿಣಕ್ಕೆ ಕುಂಕುಮ ಹಚ್ಚೋದೇ ಆಗಿದೆ ನನ್ನ ಬಾಳು." ಹೀಗಂದು, ಖಾಲಿ ಬಿಡಬಾರದು ಅಂತ ಆ ಕುಳಿಯ ತಳಕ್ಕೇ ಬೊಟ್ಟಿಟ್ಟಳು. ಒದ್ದೆ ಮಖಮಲ್ಲು ಕುಂಕುಮವನ್ನು ಕುಡಿದು ಹರಡಿಸಿತು. ಗುಂಡು ಹೊಕ್ಕ ಗಾಯದ ಹಾಗೆ.

ಆಗ ಬಾಗಿಲಲ್ಲಿ ಹೆಜ್ಜೆಗಾರನ ಹೆಂಡತಿ ನಿಂತಿದ್ದಳು. ಜಗಳಕ್ಕೆ ಬಂದವಳಲ್ಲ, ಬೇಡಲು ಬಂದವಳೂ ಅಲ್ಲ. ಸೆರಗಿನಲ್ಲಿ ಸರ.

"ಹಬ್ಬ ಅಲ್ವಾ ಬುದ್ಧಿ. ಅವ್ರು ಇಲ್ದಿದ್ರೂ ಸರ ಬರ್ಬೇಕಲ್ಲ. ತಂದಿವ್ನಿ."

ಪೆಟ್ಟಿಗೆಯ ಪಕ್ಕ ಸರ ಇಟ್ಟಳು. ದೊಡ್ಡದು, ಚಿಕ್ಕದು, ಉದ್ದದ್ದು, ಮೋಟು. ಸಾಹುಕಾರನ ಹೆಂಡತಿ ಒಂದೊಂದನ್ನೇ ತಿರುಗಿಸಿ ತಳಕ್ಕೆ ಬೊಟ್ಟಿಡಲು ಹೋದವಳು ನಕ್ಕಳು. "ಇದೇನಿದು, ನಾನಿಡೋದಕ್ಕೆ ಮುಂಚೆಯೇ ಯಾರೋ ಬೊಟ್ಟಿಟ್ಟಿದ್ದಾರೆ! ನೋಡ್ರೀ, ಎಲ್ಲವೂ ಎಡಕ್ಕೇ ವಾಲಿವೆ. ಒಂದೇ ಬೆರಳು."

ಅದು ಸೂಜಿಯ ಗುರುತು. ತೋಟಾದ ಬೆನ್ನಿಗೆ ಬಡಿದು ಗುಂಡು ಹಾರಿಸುವ ಸಣ್ಣ ಸೂಜಿ. ಆ ಸೂಜಿ ಇರುವುದು ನಳಿಗೆಯಲ್ಲಲ್ಲ, ಹಿಡಿಯ ಕಡೆಗೆ. ನಳಿಗೆ ಏಳಿರಲಿ, ನೂರಿರಲಿ, ಸೂಜಿ ಒಂದೇ! ಮೊಲಕ್ಕೂ ಅದೇ, ಹಂದಿಗೂ ಅದೇ. ಸರದ ಕೊನೆಯ ಹಿತ್ತಾಳೆ, ಆರು ನಳಿಗೆಯಲ್ಲಿ ಯಾವುದಕ್ಕೂ ಕೂರದ ಆ ಹಿತ್ತಾಳೆ, ಅದರ ಬೆನ್ನಿಗೂ ಅದೇ ಎಡಕ್ಕೆ ವಾಲಿದ ಬೊಟ್ಟು.

"ಸರ ಇಲ್ಲೇ ಇರಲಿ. ನಾಳೆ ಬಾ," ಅಂದ ಸಾಹುಕಾರ.

"ಇರ್ಲಿ ಬುದ್ಧಿ. ನಿಮ್ ಮನೇಲಿದ್ರೆ ನಮ್ ಮನೇಲಿದ್ದಂಗೇ," ಅಂದು ಅವಳು ಹೋದಳು. ನಂಬಿಕೆ ನೋಡಿ. ಆ ನಂಬಿಕೆಯ ಭಾರ ನೋಡಿ.

ಅವನು ಸರ ಹಿಡಿದು ಸೀದಾ ಬಾವಿಗೆ ನಡೆದ. ನೆತ್ತಿಯ ಮೇಲೆ ಸೂರ್ಯ. ಎಸೆಯಲು ಕೈ ಚಾಚಿ ಬಗ್ಗಿದ. ಉದ್ದನೆಯ ಕತ್ತಲು, ಗುಂಡನೆಯ ಗೋಡೆ, ತಳದಲ್ಲಿ ಒಂದು ಬಿಳಿ ವೃತ್ತ. ಆ ವೃತ್ತದ ನಡುವೆ ಒಂದು ಕಪ್ಪು ತಲೆ. ಅವನದೇ.

ಇಷ್ಟು ದಿನ ಅವನು ನಳಿಗೆಯೊಳಗೆ ನೋಡಿದ್ದು ಹಿಡಿಯ ಕಡೆಯಿಂದ. ಇವತ್ತು ಮೊದಲ ಸಲ ಬಾಯಿಯ ಕಡೆಯಿಂದ ನೋಡುತ್ತಿದ್ದ. ಗುರಿ ಅವನೇ ಆಗಿದ್ದ. ಕೆಳಗಿನ ವೃತ್ತ ರೆಪ್ಪೆ ಬಡಿಯಲಿಲ್ಲ. ತೆರೆದೇ ಇತ್ತು. ಹುಲ್ಲಿನಲ್ಲಿ ತೆರೆದಿತ್ತಲ್ಲ, ಹಾಗೇ.

ಎಷ್ಟು ಹೊತ್ತು ಬಗ್ಗಿದ್ದನೋ. ಎದ್ದವನು ಸರವನ್ನು ಕೊರಳಿಗೆ ಹಾಕಿಕೊಂಡ, ಪಿಸ್ತೂಲು ಎತ್ತಿಕೊಂಡ, ಪೇಟೆಯ ನಡುವೆ ಠಾಣೆಗೆ ನಡೆದ. ಹಿತ್ತಾಳೆ ಗಿಲಿಗಿಲಿ ಅನ್ನುತ್ತಿತ್ತು. ಅಂಗಡಿಯವರು ಕೂಗಿದರು: "ಏನ್ ಸಾಹುಕಾರ್ರೇ, ಇವತ್ತು ಪೂಜೆ ನಿಮಗೇ ಏನು?" ಅವನು ನಿಂತ. ಸಂತೆಯ ದಿನ ಹೆಜ್ಜೆಗಾರನನ್ನು ಹಿಡಿದದ್ದು ಅದೇ ಜಾಗದಲ್ಲಿ. ಅಲ್ಲೇ, ಅವರೆಲ್ಲರ ಎದುರಿಗೆ ಹೇಳಿದ: "ಹೊಡೆದದ್ದು ನಾನು. ಅವನ ಮೇಲೆ ಹಾಕಿದ್ದೂ ನಾನು." ಠಾಣೆಯಲ್ಲಿ ಹೇಳಿದ: "ನಳಿಗೆ ಬಾವಿಯಲ್ಲಿದೆ, ತೆಗೆಸಿ. ಆದರೆ ಮೊದಲು ಸೂಜಿ ನೋಡಿ."

ಹೆಜ್ಜೆಗಾರ ಹೊರಗೆ ಬಂದ, ಸಾಹುಕಾರ ಒಳಗೆ ಹೋದ. ಬಾಗಿಲಲ್ಲಿ ಸರ ಕೈ ಬದಲಾಯಿತು. ಹೆಜ್ಜೆಗಾರ ಅದನ್ನು ಬೆರಳಲ್ಲಿ ಸವರುತ್ತಾ ಕೊನೆಯ ಹಿತ್ತಾಳೆಗೆ ಬಂದು ನಿಂತ.

"ತಪ್ಪಿತು ಅಂದಿದ್ರಿ ಬುದ್ಧಿ."

"ತಪ್ಪೇ ಕಣೋ," ಅಂದ ಸಾಹುಕಾರ.

ಈಗ ಹೇಳಿ. ನಿಮ್ಮ ಪೆಟ್ಟಿಗೆಯಲ್ಲಿ ಎಷ್ಟು ನಳಿಗೆ? ಮಾಲೀಕನೆದುರು ಒಂದು, ಕೈಕೆಳಗಿನವನೆದುರು ಒಂದು, ಹೆಂಡತಿಯೆದುರು ಒಂದು, ಇಲ್ಲಿಗೆ ಬರುವಾಗ ಹಾಕಿಕೊಂಡು ಬರುವ ಮೆತ್ತನೆಯದೊಂದು. ಬಟ್ಟೆ ಹಾಳು ಮಾಡಿದ್ದು ನೀವು, ಬೈಸಿಕೊಂಡದ್ದು ಗುಂಡಿಯ ಕಾಜಾ ಹೊಲಿಯುವವಳು. ಗಾಡಿ ತಾಗಿಸಿದ್ದು ನೀವು, ಕೆಲಸ ಕಳೆದುಕೊಂಡದ್ದು ಕ್ಲೀನರು. ನಳಿಗೆ ಬಾವಿಗೆ ಬಿತ್ತು, ಮುಗಿಯಿತು ಅಂದುಕೊಂಡಿದ್ದೀರಿ. ಸೂಜಿ ಎದೆಯಲ್ಲೇ ಇದೆ. ಅದು ಎತ್ತ ವಾಲುತ್ತದೆ ಅಂತ ನಿಮಗೆ ಗೊತ್ತು.

ನಾನು ದೊಡ್ಡದೇನೂ ಕೇಳುವುದಿಲ್ಲ. ನಿಮ್ಮ ತಪ್ಪನ್ನು ಇವತ್ತಿಗೂ ಹೊತ್ತು ಓಡಾಡುತ್ತಿರುವ ಒಬ್ಬರನ್ನು ನೆನಪು ಮಾಡಿಕೊಳ್ಳಿ. ಒಬ್ಬರೇ ಸಾಕು. ದೇವರ ಮುಂದೆ ಕಣ್ಣೀರು ಹಾಕಿ ಮುಗಿಸಬೇಡಿ, ಅದು ಮತ್ತೊಂದು ನಳಿಗೆ. ಅವರ ಮನೆಯ ಮೂಲೆಯಲ್ಲಿ ಗುಟ್ಟಾಗಿಯೂ ಹೇಳಬೇಡಿ. ಅವರು ಯಾರ ಮುಂದೆ ತಲೆ ತಗ್ಗಿಸಿದರೋ, ಅವರ ಮುಂದೆಯೇ ಹೇಳಿ. ಅದಾದ ಮೇಲೆ ಬಂದು ಕತ್ತರಿಗೆ ಕುಂಕುಮ ಇಡಿ.

ಯಾರ ಮುಖ ನೆನಪಾಯಿತೋ ಆ ಮುಖ ಈಗ ನಿಮ್ಮನ್ನು ನೋಡುತ್ತಿದೆ. ರೆಪ್ಪೆ ಬಡಿಯುವುದರೊಳಗೆ ಏಳಿ. ಹೊರಗೆ ಇನ್ನೂ ಬೆಳಕಿದೆ.