ಶ್ಶ್ ಮೇಡಂ ಮುಗಿಸದೆ ಹೋದ ಕೆಲಸ

ನಿರ್ದೇಶಕರೇ, ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿ ಕೂತಿರುವ ಮೇಡಂ ಅವರ ಮನೆಯವರೇ — ಎಲ್ಲರಿಗೂ ನಮಸ್ಕಾರ. ನಾನು ಪ್ರಯೋಗಾಲಯದಲ್ಲಿ ಮೇಡಂ ಅವರ ಕೈಕೆಳಗೆ ಕೆಲಸ ಮಾಡಿದವನು.

ಅವರ ಅತ್ತೆಯವರೂ ಬಂದಿದ್ದಾರೆ. ಮರೆವಿನ ಕಾಯಿಲೆ. ಬಾಗಿಲಲ್ಲಿ ನನ್ನ ಕೈ ಹಿಡಿದು ಕೇಳಿದರು — "ನಮ್ಮ ಸೊಸೆ ಎಲ್ಲಪ್ಪಾ? ಕೆಲಸ ಇನ್ನೂ ಮುಗೀಲಿಲ್ವಾ?" ಸೊಸೆ ಹೋದ ವಾರ ಎದೆನೋವು ಬಂದು ತೀರಿಕೊಂಡಿದ್ದಾರೆ. "ಇಲ್ಲಮ್ಮ, ಮುಗಿದಿಲ್ಲ" ಅಂದೆ. ಸುಳ್ಳೇನಲ್ಲ. ಮುಗಿದಿಲ್ಲ — ಮುಗಿಸಲು ಈ ಸಂಸ್ಥೆ ಬಿಡಲಿಲ್ಲ.

ಕ್ಷಮಿಸಿ. ನಾಲ್ಕು ಒಳ್ಳೆ ಮಾತಾಡಿ ಇಳಿಯೋಣ ಅಂತಲೇ ಹತ್ತಿದೆ. ಆಗುತ್ತಿಲ್ಲ. ಮೈ ಉರಿಯುತ್ತಿದೆ.

ಮೇಡಂ ಹೇಳುತ್ತಿದ್ದದ್ದು ಸರಳ. ನಾವು ನಿದ್ದೆ ಹೋದಾಗ ಮಿದುಳಿನೊಳಗೆ ನೀರಿನಂಥ ದ್ರವ ಹರಿದು ಅಲ್ಲಿನ ಕಸ ತೊಳೆಯುತ್ತದೆ. ಆಲ್ಜೈಮರ್ಸ್ ಇರುವವರಲ್ಲಿ ಆ ಹರಿವು ಮಂದವಾಗಿ ಕಸ ಅಲ್ಲೇ ಕೂರುತ್ತದೆ. "ಕಟ್ಕೊಂಡ ಮೋರಿ ಬಿಡಿಸಿದ್ರೆ ನಮ್ಮತ್ತೆಗಲ್ದಿದ್ರೂ ಇನ್ಯಾರದೋ ಅತ್ತೆಗಾದ್ರೂ ಆದೀತು" ಅನ್ನುತ್ತಿದ್ದರು. ಹರಿವು ಹೆಚ್ಚಿಸುವ ಮದ್ದೊಂದನ್ನು ಇಲಿಗಳಿಗೆ ಕೊಟ್ಟು ನೋಡುತ್ತಿದ್ದರು. ಇಲಿ ಮಲಗುವುದು ಹಗಲು. ಮಲಗಿದರೆ ತಾನೇ ತೊಳೆಯುವುದು?

ಅದಕ್ಕೇ ಕಾರಿಡಾರಿನಲ್ಲಿ ತುಟಿಯ ಮೇಲೆ ಬೆರಳಿಟ್ಟುಕೊಂಡೇ — ಹೀಗೆ — ಓಡಾಡುತ್ತಿದ್ದರು. "ಶ್ಶ್ ಮೇಡಂ" ಅಂತ ಹೆಸರು ಬಿತ್ತು. ಸಂಸ್ಥೆಗೆ ಸಂಸ್ಥೆಯೇ ನಕ್ಕಿತು.

ಆಗ ಏನು ಮಾಡಿದಿರಿ ಸ್ವಾಮಿ ನೀವು? ಇಲಿಕೋಣೆಯ ಗೋಡೆಗೆ ಅಂಟಿಸಿ ಸಭಾಂಗಣ ಕಟ್ಟಿಸಿದಿರಿ! ಹೌದು, ಈಗ ಕೂತಿದ್ದೇವಲ್ಲ — ಇದೇ ಸಭಾಂಗಣ. ಹಗಲೆಲ್ಲ ಡ್ರಿಲ್ಲು, ಹಗಲೆಲ್ಲ ಸುತ್ತಿಗೆ. ಮೇಡಂ ಕೈಮುಗಿದು ಕೇಳಿದರು — "ಇಲಿಗಳಿಗೆ ಎಚ್ಚರ ಆಗ್ತಿದೆ ಸರ್, ಈ ಪ್ರಯೋಗ ಮುಗಿಯೋವರೆಗಾದ್ರೂ ನಿಲ್ಸಿ." ನಿಲ್ಲಿಸಲಿಲ್ಲ. ಮದ್ದಿನಿಂದ ಗುಣ ಕಾಣಲಿಲ್ಲ. ಕಾರಣ ಹೇಳಲು ಹೋದರೆ ಸಂಶೋಧನೆ ಪರಿಶೀಲಿಸುವ ಸಮಿತಿಯ ಮಹನೀಯರೊಬ್ಬರು ಅಂದರು — "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ನೆಲ ಡೊಂಕಾಗಿತ್ತು ಸ್ವಾಮಿ! ನೆಲ ಅಗೆಯುತ್ತಿದ್ದವರೇ ನೀವು!

ಆ ಮದ್ದು ಕೆಲಸ ಮಾಡುತ್ತದೆಯೇ? ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದಿರಲ್ಲ, ಅದಕ್ಕೆ ಸಿಟ್ಟು. ಕಟ್ಟಡದ ಕೆಲಸ ಮುಗಿದ ಮೇಲೆ ಮೇಡಂ ಹೊಸ ಇಲಿಗಳನ್ನು ತರಿಸಿ ಮೊದಲಿನಿಂದ ಶುರು ಮಾಡಿದರು. ಅರ್ಧಕ್ಕೇ ಹೋಗಿಬಿಟ್ಟರು. ನಾಳೆ ಆ ಕೋಣೆ ಖಾಲಿ ಮಾಡಬೇಕಂತೆ — ಆದೇಶ ಬಂದಿದೆ, ಈ ಹೂವಿನ ಹಾರ ತರಿಸಿದ ಕಚೇರಿಯಿಂದಲೇ! ಖಾಲಿ ಮಾಡುವುದಿಲ್ಲ. ಆ ಪ್ರಯೋಗ ನಾನು ಮುಗಿಸುತ್ತೇನೆ. ಫಲ ಏನು ಬರುತ್ತದೋ ಬರಲಿ, ಆದರೆ ನೆಟ್ಟಗೆ ಬರಲಿ.

ದನಿ ಏರಿತು, ಕ್ಷಮೆ ಇರಲಿ. ಕ್ಷಮೆ ಕೇಳುತ್ತಿರುವುದು ನಿಮ್ಮನ್ನಲ್ಲ — ಈಗ ಮಧ್ಯಾಹ್ನ, ಈ ಗೋಡೆಯ ಆಚೆ ಮೇಡಂ ಅವರ ಇಲಿಗಳು ಮಲಗಿವೆ.

ಅವರ ನೆನಪಿಗೆ ಎಲ್ಲರೂ ಎದ್ದು ಮೌನವಾಗಿ ನಿಲ್ಲಬೇಕೆಂದು ಕೋರುತ್ತೇನೆ. ನಿರ್ದೇಶಕರೇ, ನೀವೂ. ಕುರ್ಚಿ ಎಳೆಯಬೇಡಿ — ಎತ್ತಿ ಸರಿಸಿ.